ಕಾಂಡ್ಲಾ ಕಾಂದಾ ಆದದ್ದು

ನಾಗ್ಪುರದಲ್ಲಿ ಕಾಡುಪ್ರಾಣಿ ಎಂದರೆ ಹುಲಿ. ಜಿಂಕೆ, ಕಾಡೆಮ್ಮೆಗಳೂ ಇವೆಯೆನ್ನಿ, ಆದರೆ ಅವು ಹುಲಿಯ ಊಟದ ಲೆಕ್ಕಕ್ಕೆ ಸೇರುತ್ತವೆ. ಸೀತಾಬರ್ಡಿಯಲ್ಲಿ ಮೊಬೈಲ್ ಕವರಿನ ಅಂಗಡಿಯ ಮಹಡಿ ಮೇಲೆ ಶಾಲೆಮಕ್ಕಳ ವೇಷದ ಬಟ್ಟೆ ಹೊಲಿಸಿಕೊಡುವ ಸುಲೋಚನಾಬಾಯಿಯನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಹಳದಿ ಬಟ್ಟೆಗೆ ಕಪ್ಪು ಪಟ್ಟೆ ಹಚ್ಚುತ್ತಲೇ ಇದ್ದಾರೆ. ಅವರು ಹುಟ್ಟಿಸಿದಷ್ಟು ಹುಲಿಗಳನ್ನು ಸುತ್ತಮುತ್ತಲ ಯಾವ ಕಾಡೂ ಹುಟ್ಟಿಸಿಲ್ಲ.

ಅವರು ಸ್ವತಃ ಹುಟ್ಟಿದ್ದು ಮಾತ್ರ ಕುಮಟೆಯ ಹತ್ತಿರ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ. ಅಲ್ಲಿ ಭರತ ಬಂದಾಗ ಕಡಲು ಹೊಳೆಯೊಳಗೆ ನುಗ್ಗುತ್ತದೆ, ಇಳಿತಕ್ಕೆ ಹಿಂದೆ ಸರಿಯುತ್ತದೆ. ಉಳಿದ ಕೆಸರಿನಲ್ಲಿ ಹೆಂಗಸರು ಮೊಣಕಾಲುದ್ದ ಇಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ, ಬೆಳ್ಳಕ್ಕಿಗಳು ಅವರ ಪಕ್ಕದಲ್ಲೇ ತಮ್ಮ ಕೆಲಸ ನೋಡಿಕೊಳ್ಳುತ್ತವೆ. ದಂಡೆಯುದ್ದಕ್ಕೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ. ಅದರ ಬೇರಿನ ಮೇಲೆ ಮೀನು ಹತ್ತಿ ಕೂರುತ್ತದೆ. ಮದುವೆಯ ಹೊಸತರಲ್ಲಿ ಇದನ್ನು ಹೇಳಿದಾಗ ಗಂಡ ಶ್ರೀಪಾದರಾಯರು, ಹುಬ್ಬಳ್ಳಿ ಕಡೆಯವರು, ರೈಲ್ವೆಯಲ್ಲಿ ಸಿಗ್ನಲ್ ನೋಡುವವರು, ಬಹಳ ಹೊತ್ತು ಯೋಚಿಸಿ, "ತಿರುಗಿ ಇಳೀಲಿಕ್ಕೆ ಬರ್ತೈತೇನು ಅದಕ್ಕ?" ಎಂದು ಕೇಳಿದ್ದರು. ಅಲ್ಲಿಗೆ ಆ ಮಾತು ನಿಂತಿತ್ತು.

ಈ ಸಲ ಜನವರಿಯಲ್ಲಿ ಆಶಾ ಎಂಬ ಟೀಚರು ಬಂದಳು. ನಾಗ್ಪುರದಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಶಾಲೆಯಲ್ಲಿ ಜೌಗುಪ್ರದೇಶಗಳ ದಿನ ಮಾಡುತ್ತಾರಂತೆ, ಮಕ್ಕಳ ನೃತ್ಯಕ್ಕೆ ಬಟ್ಟೆ ಬೇಕಂತೆ, ಜೌಗು ಯಾವುದಾದರೂ ನಡೆಯುತ್ತದಂತೆ. ತಮ್ಮ ಅಳಿವೆ ಈಚೆಗೆ ಜಗತ್ತಿನ ಹೆಸರಾಂತ ಜೌಗುಗಳ ಸಾಲಿಗೆ ಸೇರಿದೆ ಎಂದು ಸುಲೋಚನಾ ಹೇಳಿದರು. ಅಲ್ಲಿ ಹುಲಿ ಬರುತ್ತದೆಯೇ ಎಂದು ಆಶಾ ಕೇಳಿದಳು. ಬರುವುದಿಲ್ಲ, ನೀರುನಾಯಿ ಬರುತ್ತದೆ ಎಂದರು. ಹಾಗಾದರೆ ನಾಯಿಯೇ ಇರಲಿ ಎಂದು ಆಶಾ ಒಪ್ಪಿಕೊಂಡಳು.

ಸುಲೋಚನಾ ಆ ದಿನದಿಂದ ನಿದ್ದೆಯಲ್ಲೂ ಕೆಸರು ತುಳಿಯತೊಡಗಿದರು. ಅವರಿಗೆ ಬೇಕಾಗಿದ್ದುದು ಇಷ್ಟೇ: ಒಂದೇ ಒಂದು ಸಲ ತನ್ನ ಅಳಿವೆ ಈ ಊರಿನವರ ಕಣ್ಣೆದುರು ಎದ್ದು ನಿಲ್ಲಬೇಕು. ಏಡಿ, ಮೀನು, ಬೆಳ್ಳಕ್ಕಿ, ನೀರುನಾಯಿಗಳನ್ನು ತಾವೇ ಹೊಲಿಯಲು ಕೂತರು. ಗಿಡಗಳನ್ನು ಮಹಾಲ್ ಓಣಿಯ ಮೇಶ್ರಾಮ್ ಮಾಸ್ತರಿಗೆ ವಹಿಸಿದರು. ಹಳೆಯ ದರ್ಜಿ, ನಂಬಿಗಸ್ತ, ಮನೆಯಲ್ಲೇ ಹೊಲಿಯುವವನು. ಮಾತೆಲ್ಲ ಫೋನಿನಲ್ಲಿ, ಹಿಂದಿಯಲ್ಲಿ. ಒಂದು ಡಜನ್ ಕಾಂಡ್ಲಾ ಬೇಕು ಎಂದರು. ಬೇರು ತೋರಿಸಬೇಕೇ ಎಂದು ಮಾಸ್ತರು ಕೇಳಿದ. ಬೇರೇ ಮುಖ್ಯ, ದೂರದವರಿಗೂ ಕಾಣಬೇಕು ಎಂದರು. ಮೇಲೆ ಹಸಿರೇ? ಹಸಿರೇ. ಕೆಳಗೆ? ಕೆಳಗೆ ಮಣ್ಣೊಳಗೆ ಹೂತಿರುತ್ತದಲ್ಲ, ನಸುಗೆಂಪು. ಮಾಸ್ತರಿಗೆ ಎಲ್ಲವೂ ಬರೋಬರ್ ಅರ್ಥವಾಯಿತು.

ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ಮಾಸ್ತರು ಗಂಟು ಹೊತ್ತು ತಂದ. ಬಿಚ್ಚಿದರೆ ಈರುಳ್ಳಿ. ಹತ್ತಿ ತುಂಬಿದ ಗುಲಾಬಿ ಹೊಟ್ಟೆ, ತಲೆಯ ಟೋಪಿಯ ಮೇಲೆ ಹಸಿರು ದಂಟು, ಹೊಟ್ಟೆಯ ಬುಡದಲ್ಲಿ ಸೆಣಬಿನ ದಾರದ ಬೇರು. ಕೆಲಸದಲ್ಲಿ ಒಂದು ಕುಂದಿಲ್ಲ. ಸುಲೋಚನಾ ಒಂದನ್ನು ಎತ್ತಿ ಹಿಡಿದು ನೋಡಿದರು, ಮಾಸ್ತರನ್ನು ನೋಡಿದರು. ಮರಾಠಿಯವರ ಕಿವಿಗೆ ಕಾಂಡ್ಲಾ ಕಾಂದಾ ಆಗಿ ಕೇಳಿಸಿದೆ, ಕಾಂದಾ ಎಂದರೆ ಈರುಳ್ಳಿ ಎಂಬುದು ಆಮೇಲೆ ಹೊಳೆಯಿತು.

"ಕಾಂದಾನೇ ಅಂದಿದ್ರಿ ಬಾಯಿ," ಎಂದ ಮೇಶ್ರಾಮ್. "ಕಾಂದ್ಯಾಚೆ ಝಾಡ, ಈರುಳ್ಳಿ ಗಿಡ. ನನಗೂ ಅನಿಸ್ತು, ಈರುಳ್ಳಿ ಹೊಲ ನೋಡೋಕೆ ಜನ ಯಾಕೆ ಬರ್ತಾರೆ ಅಂತ. ಆದರೆ ನೀವು ಸಮುದ್ರದ ಕಡೆಯವರು."

ಅಷ್ಟರಲ್ಲಿ ಆಶಾ ಬಂದಳು. ಅವಳಿಗೆ ಬೇಸರವೇನೂ ಆಗಲಿಲ್ಲ.

"ಚಾಂಗ್ಲಾ ಆಗೇದ, ಕಾಕೂ. ಹೆಸರು ಬದಲಿ ಮಾಡೋಣು. ಪೌಷ್ಟಿಕ ತರಕಾರಿ ಡಾನ್ಸ್. ಏಡಿಗೆ ಟೊಮ್ಯಾಟೊ ಅಂದ್ರ ಆತು, ಕೆಂಪೇ ಐತಲ್ಲ."

"ಆ ಏಡಿಗೆ ಕಾಲುಂಟು, ಮಾರಾಯ್ತಿ."

"ಯಾರು ಎಣಿಸ್ತಾರ?"

ಸುಲೋಚನಾ ಸಿಟ್ಟು ಮಾಡಿಕೊಳ್ಳಲಿಲ್ಲ. ಸಂಜೆವರೆಗೆ ಟೈಮ್ ಕೊಡು ಎಂದು ಮಾತ್ರ ಕೇಳಿದರು. ಸಂಜೆಗೆ ಗಿಡವಾಗದಿದ್ದರೆ ತರಕಾರಿಯೇ ಸರಿ ಎಂಬ ಕರಾರಿನ ಮೇಲೆ ಆಶಾ ಹೋದಳು.

ಆಮೇಲೆ ಈರುಳ್ಳಿ ಬಿಡಿಸುವ ಕೆಲಸ ಶುರುವಾಯಿತು. ಹೊಟ್ಟೆಯ ಹತ್ತಿ ಕಿತ್ತರು. ಚೀಲ ಜೋತು ಬಿದ್ದು ನೆಲ ಮುಟ್ಟಿತು. ಅದನ್ನು ಕಡುಚಹಾದಲ್ಲಿ ಅದ್ದಿದರು. ಗುಲಾಬಿ ಹೋಗಿ ಕೆಸರಿನ ಬಣ್ಣ ಬಂತು. ಟೋಪಿಯ ದಂಟು ಕತ್ತರಿಸಿ ಎಲೆ ಹೊಲಿದರು. ಸೆಣಬಿನ ಬೇರಿಗೆ ಗಂಜಿ ಹಚ್ಚಿ, ತುದಿ ಮೇಲಾಗಿ ಚೂಪಗೆ ನಿಲ್ಲಿಸಿ, ಮಾಳಿಗೆಯ ಬಿಸಿಲಿಗೆ ಇಟ್ಟರು. ಅಲ್ಲಿಯವರೆಗೆ ಹೇಳಿದಂತೆ ಕೇಳಿದ ಮೇಶ್ರಾಮ್ ಇಲ್ಲಿ ಕೈ ತಡೆದ. ಬೇರು ಮೇಲಕ್ಕೆ ನಿಂತರೆ ಊರು ನಗುತ್ತದೆ, ಹೆಸರು ಕೆಡುವುದು ದರ್ಜಿಯದು ಎಂದ.

"ಆ ಕೆಸರಲ್ಲಿ ಗಾಳಿ ಇಲ್ಲ, ಮಾಸ್ತರೆ. ಬೇರು ಉಸಿರಾಡ್ಲಿಕ್ಕೆ ಮೇಲೆ ಬರ್ತದೆ."

ಮೇಶ್ರಾಮ್ ಒಂದು ಬೇರನ್ನು ಕೈಗೆತ್ತಿಕೊಂಡ. ಮೇ ತಿಂಗಳ ಸೆಕೆಯಲ್ಲಿ ಗಾಳಿಗೆಂದು ತಾನೂ ಮಾಳಿಗೆ ಹತ್ತುತ್ತೇನೆ ಎಂದು ಹೇಳಿ, ಉಳಿದ ಬೇರುಗಳನ್ನೂ ನಿಲ್ಲಿಸಿದ. ಸಂಜೆ ಆಶಾ ಬಂದು ಒಂದು ಸುತ್ತು ಹಾಕಿ ನೋಡಿದಳು. ಇದು ಗಿಡವೋ ಅಲ್ಲವೋ ಗೊತ್ತಾಗಲಿಲ್ಲ, ಆದರೆ ಈರುಳ್ಳಿಯಂತೂ ಅಲ್ಲ. ಕರಾರು ಕರಾರೇ.

ಮರುದಿನ ವೇದಿಕೆಯ ಮೇಲೆ ಕಡಲಾಗಿ ಹಾಸಿದ್ದ ನೀಲಿ ಸೀರೆ ಹಿಂದಕ್ಕೆ ಸರಿಯಿತು. ಇಳಿತ. ಕೆಸರಿನಲ್ಲಿ ಒಂದು ಡಜನ್ ಕಾಂಡ್ಲಾ, ಉಸಿರುಬೇರು ಎತ್ತಿಕೊಂಡು ನಿಂತಿದ್ದವು. ಮೀನು ಗಿಡ ಹತ್ತಿತು. ಬೆಳ್ಳಕ್ಕಿಗೆ ಕೆಮ್ಮು ಬಂತು. ಒಂದೇ ಕೈ ದೊಡ್ಡದಿರುವ ಏಡಿ, ಮುಂದಿನ ಸಾಲಿನಲ್ಲಿ ತಾಯಿಯನ್ನು ಕಂಡು, ಆ ಕೈ ಎತ್ತಿ ಬೀಸತೊಡಗಿತು. ಆಶಾ ಹಣೆ ಹಿಡಿದುಕೊಂಡಳು. ಅಳಿವೆಯ ಗಂಡು ಏಡಿ ಕೆಸರಿನಲ್ಲಿ ನಿಂತು ಬೀಸುವುದೂ ಹಾಗೆಯೇ. ಸುಲೋಚನಾ ಅದನ್ನು ಯಾರಿಗೂ ಕಲಿಸಿರಲಿಲ್ಲ. ನೀಲಿ ಸೀರೆ ತಿರುಗಿ ಬಂತು. ಚಪ್ಪಾಳೆ ಎಂದಿನಷ್ಟೇ ಬಿತ್ತು.

ಜನ ಏಳುವಾಗ ಹಿಂದಿನ ಸಾಲಿನ ಒಬ್ಬ ಮುದುಕಿ ಸುಲೋಚನಾರ ಸೆರಗು ಜಗ್ಗಿ ಮರಾಠಿಯಲ್ಲಿ ಕೇಳಿದಳು, ಆ ನೀರು ನಿಜಕ್ಕೂ ಹೋಗಿ ಬರುತ್ತದೆಯೇ ಎಂದು. ದಿನಕ್ಕೆ ಎರಡು ಸಲ ಬರುತ್ತದೆ ಎಂದರು.

"ಯಾರು ಬಿಡ್ತಾರೆ?"

"ಚಂದ್ರ ಎಳೀತಾನೆ, ಆಜಿ."

ಮುದುಕಿ ಇದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ತಮ್ಮ ಓಣಿಗೆ ನಲ್ಲಿಯಲ್ಲಿ ದಿನ ಬಿಟ್ಟು ದಿನ ಬಿಡುತ್ತಾರೆ, ಅದೂ ಸಣ್ಣಗೆ ಎಂದಳು. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೊಡೆಗೆತ್ತಿಕೊಂಡು, ಬಸ್ಸಿಗೆ ಇನ್ನೂ ಹೊತ್ತಿದೆ, ಆ ಮೀನು ಗಿಡ ಯಾಕೆ ಹತ್ತಿತು ಮೊದಲು ಅದನ್ನು ಹೇಳು ಎಂದಳು. ಸುಲೋಚನಾ ಕೂತರು.