ಸುಸ್ತಾದವರು ನಿಲ್ಲುವ ಜಾಗ

ಬೆಳಗ್ಗೆ ಐದೂಮುಕ್ಕಾಲು. ಆಸ್ಪತ್ರೆಯ ಕಡೆಗಿನ ಏರುರಸ್ತೆಯಲ್ಲಿ ಮುದುಕರೊಬ್ಬರು ಕೋಲೂರಿಕೊಂಡು ಹೋಗುತ್ತಿದ್ದಾರೆ. ಇಪ್ಪತ್ತು ಹೆಜ್ಜೆ ಹಿಂದೆ, ಹಾಲು ತರಲು ಹೊರಟವರಂತೆ ಖಾಲಿ ಚೀಲ ಹಿಡಿದು ಪುರಸಭೆಯ ನಕ್ಷೆಗಾರ್ತಿ. ಮುದುಕರು ಗೋಡೆಯ ಮೇಲಿನ ಹರಿದ ಜಾಹೀರಾತು ಓದಲು ನಿಲ್ಲುತ್ತಾರೆ. ಅವರು ಮುಂದೆ ಹೋದ ಮೇಲೆ ಈಕೆ ಬಗ್ಗಿ, ಅಲ್ಲೊಂದು ಸೀಮೆಸುಣ್ಣದ ಗೀಟು ಎಳೆಯುತ್ತಾರೆ.

"ಅದು ಹೋದ ವರ್ಷದ ಜಾಹೀರಾತು. ದಿನಾ ಓದ್ತಾರೆ! ಸುಸ್ತಾಯ್ತು ಅಂತ ಯಾರು ಬಾಯಿಬಿಟ್ಟು ಹೇಳ್ತಾರೆ?"

ನಕ್ಷೆಗಾರ್ತಿಯ ವಯಸ್ಸು ಐವತ್ತನಾಲ್ಕು. ಇಪ್ಪತ್ತಾರು ವರ್ಷದಿಂದ ಕಚೇರಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಾಲುದಾರಿಗಳ ನಕ್ಷೆ ಬರೆಯುತ್ತಾರೆ; ಸಹಿ ಬೇರೆಯವರದು. ಕಚೇರಿಗೆ ಮುಂಚೆ ನಾಲ್ಕು ಕಿಲೋಮೀಟರ್ ನಡಿಗೆ, ಜನ ಎಲ್ಲೆಲ್ಲಿ ನಿಲ್ಲುತ್ತಾರೆಂದು ಗುರುತು ಹಾಕಲು. ಈವರೆಗೆ ಹತ್ತೊಂಬತ್ತು ಕಲ್ಲುಬೆಂಚು ಹಾಕಿಸಿದ್ದಾರೆ.

ಮೊದಲನೆಯದು ಪೂರಾ ದಂಡ. ಏರಿನ ಬುಡಕ್ಕೂ ತುದಿಗೂ ಸರಿಯಾಗಿ ಅರ್ಧ ದೂರ ಅಳೆದು, ರಸ್ತೆ ಬದಿಯ ಮರದ ನೆರಳಿಗೆ ಹಾಕಿಸಿದ್ದರು. ನಕ್ಷೆಯಲ್ಲಿ ಚಂದ. ಕೂತದ್ದು ನಾಯಿಗಳು ಮಾತ್ರ. ಮಂಡಿನೋವಿನ ಅತ್ತೆಯನ್ನೇ ಕೇಳಿದರು. "ಸುಮ್ಸುಮ್ನೆ ಅಲ್ಲಿ ಕೂತ್ರೆ ಬೀದಿಯೆಲ್ಲ ನನ್ನೇ ನೋಡತ್ತೆ ಕಣೆ. ಒಂದು ನೆಪ ಬೇಡ್ವಾ?" ಅಂದರು ಅತ್ತೆ. ಅಂದಿನಿಂದ ಬೆಂಚು ಬೀಳುವುದು ನೋಡಲು ಏನಾದರೂ ಇರುವ ಕಡೆ.

ಇವತ್ತು ಬಣ್ಣದಂಗಡಿ ಮುಂದಿನ ಬೆಂಚಿನ ಹಣೆಬರಹ ತೀರ್ಮಾನವಾಗಬೇಕು. ಗಿರಾಕಿಗಳ ಗಾಡಿಗೆ ಜಾಗವಿಲ್ಲವೆಂದು ಮಾಲೀಕರ ದೂರು. ಅದು ಹೋದರೆ ಅತ್ತೆ ಮತ್ತೆ ಮನೆಯೊಳಗೇ. ಎರಡು ವರ್ಷ ಹೊರಗೆ ಕಾಲಿಡದಿದ್ದ ಅವರು ಏರಿನ ಆಚೆಯ ಗೆಳತಿಯ ಮನೆಗೆ ಮತ್ತೆ ನಡೆಯತೊಡಗಿದ್ದೇ ಈ ಬೆಂಚು ಬಂದ ಮೇಲೆ.

ಒಂಬತ್ತಕ್ಕೆ ಪುರಸಭೆಯ ಇಂಜಿನಿಯರ್ ಅಂಗಡಿಯ ಹತ್ತಿರ ಬರುತ್ತಾರೆ.

"ಏನಮ್ಮಾ, ನನ್ನಂಗಡಿ ಮುಂದೇನೇ ಬೇಕಿತ್ತಾ?" ಮಾಲೀಕರು ರೇಗುತ್ತಾರೆ.

"ನಾನು ಆರಿಸಿದ್ದಲ್ಲ ಅಣ್ಣ. ಏರು ಹತ್ತಿದವರು ನಿಲ್ಲೋದೇ ಇಲ್ಲಿ. ನಿಮ್ಮ ಡಬ್ಬಿಗಳನ್ನ ನೋಡ್ತಾ ನಿಲ್ತಾರೆ."

"ನೋಡ್ತಾರೆ, ಒಬ್ಬರೂ ಕೊಳ್ಳಲ್ಲ!"

ಇಂಜಿನಿಯರ್‌ಗೆ ನಗು ತಡೆಯಲಾಗುವುದಿಲ್ಲ. ನಕ್ಷೆಗಾರ್ತಿ ಆಗಲೇ ಟೇಪು ಬಿಚ್ಚಿದ್ದಾರೆ. ಬೆಂಚನ್ನು ಗೋಡೆಗೆ ಆನಿಸಿ ತಿರುಗಿಸಿದರೆ ಒಂದು ಗಾಡಿ ನಿಲ್ಲುತ್ತದೆ. ಮಾಲೀಕರು ತಾವೇ ಇನ್ನೊಮ್ಮೆ ಅಳೆದು ನೋಡುತ್ತಾರೆ.

"ಹಾಗಾದ್ರೆ ಇರ್ಲಿ ಬಿಡಿ. ಆದ್ರೆ ಬಾಗಿಲಿಗೆ ಅಡ್ಡ ಕಾಲು ಚಾಚಬಾರದು."

"ನಮ್ಮತ್ತೆಗೆ ಹೇಳ್ತೀನಿ. ಕೇಳೋದು ಬಿಡೋದು ಅವರಿಗೆ ಬಿಟ್ಟಿದ್ದು."

ಕೋಣೆಗೆ ಮರಳಿ ನಕ್ಷೆ ತಿದ್ದುತ್ತಾರೆ. ಆಸೆ ಏನೆಂದು ಕೇಳಿದರೆ ತಲೆಯೆತ್ತುವುದಿಲ್ಲ.

"ಗೆಳತಿ ಮನೆಗೆ ಹೋದ್ರೆ ಅತ್ತೆ ಊಟದ ಹೊತ್ತಿಗೂ ಬರಲ್ಲ. ಹೇಳಿ ಹೋಗೋದೂ ಇಲ್ಲ. ಬಂದಾಗ ಬೈತೀನಿ. ಊರಲ್ಲಿ ಎಲ್ಲ ಸೊಸೆಯಂದಿರಿಗೂ ಹೀಗೆ ಬೈಯೋ ಹಾಗಾಗ್ಬೇಕು, ಅಷ್ಟೇ."