ಲ್ಯಾಬ್ ಅಟೆಂಡರಮ್ಮನ ಸಾಕ್ಷಿ

ಕೊಳ್ಳೇಗಾಲದ ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರಮ್ಮ ಮುಳ್ಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಯಾವ ಹುಡುಗಿ ಕಷ್ಟ ಹೇಳಿಕೊಂಡರೂ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, "ಬಾಯಲ್ಲಿ ಏಳ್ಬೇಡ ಕಣವ್ವ, ಬರ್ದು ಕೊಡು" ಅನ್ನುತ್ತಿದ್ದರು.

ಪ್ರಾಕ್ಟಿಕಲ್ ಅಂಕದ ಮಾತೆತ್ತಿ ಲೆಕ್ಚರರೊಬ್ಬ ಲ್ಯಾಬಿನಲ್ಲಿ ನನ್ನ ಸೊಂಟಕ್ಕೆ ಕೈ ಹಾಕಿದಾಗ ಅಟೆಂಡರಮ್ಮ ಬಾಗಿಲಲ್ಲೇ ಇದ್ದರು. ನಾನು ಅವರನ್ನೇ ಸಾಕ್ಷಿಯೆಂದು ಹೆಸರಿಸಿ ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆದುಕೊಟ್ಟೆ. ಪ್ರಿನ್ಸಿಪಾಲರು ಅಟೆಂಡರಮ್ಮನನ್ನು ಕರೆಸಿ, "ನಿಂದು ಗುತ್ತಿಗೆ ಕೆಲಸ ಕಣಮ್ಮ, ಯೋಚನೆ ಮಾಡು" ಎಂದರು.

"ಕೆಲ್ಸ ಕಿತ್ಕಳಿ ಸಾ. ನನ್ ಕಣ್ಣ ಕಿತ್ಕಳಕ್ಕಾಯ್ತದಾ?"

ಸಮಿತಿಯ ಮುಂದೆ ಕಂಡದ್ದನ್ನೆಲ್ಲ ಹೇಳಿ ಸಹಿ ಹಾಕಿದರು. ಲೆಕ್ಚರರ್ ಕೆಲಸ ಕಳೆದುಕೊಂಡ. ಆ ವರ್ಷದ ಕೊನೆಗೆ ಅಟೆಂಡರಮ್ಮನ ಗುತ್ತಿಗೆಯೂ ಮುಂದುವರಿಯಲಿಲ್ಲ.

ಕಡೆಯ ದಿನ ನಾನು ಅತ್ತೆ. "ತಪ್ ಮಾಡ್ದೋರು ಅಳ್ಲಿ ಕಣವ್ವ, ನಾವ್ಯಾಕ್ ಅಳಾವು?" ಎಂದು ಗದರಿ, ಪ್ರಿನ್ಸಿಪಾಲರ ಕೋಣೆಯ ಮುಂದೆಯೇ ತಲೆಯೆತ್ತಿಕೊಂಡು ನಡೆದುಹೋದರು.