ಒಂಬತ್ತು ನಿಮಿಷದ ಓದು

ಟಿಕ್, ಟಿಕ್, ಟಿಕ್. ಬಾಲ್‌ಪೆನ್ನಿನ ತಲೆ ಒತ್ತುವ ಆ ಸದ್ದು ಗೋಡೆಯಾಚೆಯಿಂದ ಕೇಳಿದರೆ, ನಮ್ಮ ಪೇಯಿಂಗ್ ಗೆಸ್ಟ್ ಹುಡುಗಿಗೆ ಆಫೀಸಿನ ಚಿಂತೆ ಹತ್ತಿದೆ ಎಂದೇ ಅರ್ಥ. ಮೈಸೂರಿನವಳು. ಇಲ್ಲಿ ಪುಣೆಯ ಯೆರವಡಾದ ಕಂಪನಿಯೊಂದರಲ್ಲಿ, ಡಾಕ್ಟರರ ಅಪಾಯಿಂಟ್‌ಮೆಂಟ್ ಗೊತ್ತುಮಾಡುವ ಆ್ಯಪ್‌ನ ಟೀಮಿನಲ್ಲಿದ್ದಳು. ಕೆಲಸ ಇನ್ನೂ ಪ್ರೊಬೇಷನ್. ಉಗುರು ಕಚ್ಚಿ ಕಚ್ಚಿ ಬೆರಳ ತುದಿಗಳು ಕೆಂಪಾಗಿದ್ದವು. ಊಟಕ್ಕೆ ಕರೆದರೆ "ಟೂ ಮಿನಿಟ್ಸ್ ಆಂಟಿ" ಎನ್ನುವಳು. ಸಾರು ಎರಡು ಸಲ ಬಿಸಿಯಾಗುತ್ತಿತ್ತು.

ಒಂದು ಭಾನುವಾರ ನನ್ನ ಕೈಗೆ ಫೋನ್ ಕೊಟ್ಟು, "ಹೊಸಬರು ಇದನ್ನ ಹೇಗೆ ಬಳಸ್ತಾರೆ ಅಂತ ನೋಡ್ಬೇಕು ಆಂಟಿ. ನಾನೇನೂ ಹೇಳ್ಕೊಡಲ್ಲ" ಎಂದಳು. ಸ್ಕ್ರೀನ್ ರೆಕಾರ್ಡ್ ಆಗುತ್ತಿತ್ತು. ಮೊದಲ ಪುಟದಲ್ಲೇ ಉದ್ದುದ್ದ ಷರತ್ತುಗಳು, ಕೆಳಗೆ "ಐ ಅಗ್ರೀ" ಬಟನ್. ಓದದೆ ಯಾವುದಕ್ಕೂ ಒಪ್ಪಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರಲ್ಲ! ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದೆ. ಒಂಬತ್ತು ನಿಮಿಷ.

ಮರುದಿನ ಅವಳು ರೂಮಿನಿಂದಲೇ ಮೀಟಿಂಗಿಗೆ ಕೂತಿದ್ದಾಗ, ಗೋಡೆಯಾಚೆ ಲ್ಯಾಪ್‌ಟಾಪಿನಿಂದ ಮ್ಯಾನೇಜರನ ದನಿ: "ನೈನ್ ಮಿನಿಟ್ಸ್! ರೈಟ್, ಯೂಸರ್ ಸ್ಟಕ್. ಕನ್‌ಫ್ಯೂಸ್ಡ್ ಆಂಟಿ." ಯಾರೋ ನಕ್ಕರು. ಪೆನ್ನಿನ ಸದ್ದು ನಿಂತಿತು.

"ನೋ ಸರ್. ಶಿ ವಾಸ್ ರೀಡಿಂಗ್."

"ಥಿಂಕ್ ಅಬೌಟ್ ಯುವರ್ ಕನ್‌ಫರ್ಮೇಷನ್" ಎಂದಿತು ಆ ದನಿ, ತಣ್ಣಗೆ.

ಸಂಜೆ ಚಹಾ ಕೊಡುವಾಗ ತಡೆಯಲಾಗಲಿಲ್ಲ. "ಇನ್ನೊಮ್ಮೆ ಕೊಡವಾ ಆ ಫೋನ್. ಈ ಸಲ ಪಟಪಟ ಒತ್ತಿಬಿಡ್ತೀನಿ. ನನ್ನ ಸಲುವಾಗಿ ನಿನ್ನ ನೌಕರಿ ಹೋದ್ರ ಹೆಂಗ?"

"ಹಾಗೆ ಒತ್ತಿದ್ರೆ ಅದು ನೀವಲ್ಲ ಆಂಟಿ. ಮತ್ತೆ, ಒಂದು ಸೀಕ್ರೆಟ್ ಹೇಳ್ಲಾ? ಆ ಪುಟ ನಮ್ಮ ಟೀಮಲ್ಲಿ ಒಬ್ರೂ ಓದಿಲ್ಲ. ನಾನೂ ಓದಿಲ್ಲ!" ನಕ್ಕಳು. ನಗುತ್ತಲೇ ಬೆರಳು ಬಾಯಿಗೆ ಹೋಯಿತು.

ರಿಪೋರ್ಟಿನಲ್ಲಿ ಅವಳು "ಓದುತ್ತಿದ್ದರು" ಎಂದೇ ಬರೆದಳು. ತಿಂಗಳೊಳಗೆ ಅವಳನ್ನು ಬೇಡವೆಂದರು. "ನಿಮ್ಮಿಂದಲ್ಲ ಆಂಟಿ, ಪ್ರಾಮಿಸ್" ಎಂದಳು. ಆ ಪ್ರಾಮಿಸ್ ಮೇಲೆ ನನಗೆ ಇವತ್ತಿಗೂ ನಂಬಿಕೆಯಿಲ್ಲ. ಈಗಲೂ ಫೋನ್ ಅವಸರಪಡಿಸಿದಾಗಲೆಲ್ಲ, ನನ್ನನ್ನು ದಡ್ಡಿ ಎನ್ನದ ಆ ಒಂದು ದನಿ ನೆನಪಾಗುತ್ತದೆ.

ಅವಳನ್ನು ಕೊನೆಯ ಸಲ ನೋಡಿದ್ದು ಊರಿಗೆ ಹೊರಟ ಬೆಳಿಗ್ಗೆ. ರೂಮು ಬಿಡುವ ಬಗ್ಗೆ ನಮ್ಮ ಹೌಸಿಂಗ್ ಸೊಸೈಟಿಯ ಫಾರ್ಮಿಗೆ ನನ್ನ ಸಹಿ ಬೇಕಿತ್ತು. ಕೆಳಗೆ ರಿಕ್ಷಾದವನು ಹಾರ್ನ್ ಹೊಡೆಯುತ್ತಲೇ ಇದ್ದ. ಬಾಲ್ಕನಿಯಿಂದ ಬಗ್ಗಿ "ರುಕೋ ಭಯ್ಯಾ!" ಎಂದು ಕೂಗಿ, ತನ್ನ ಪೆನ್ನನ್ನು ನನ್ನ ಕೈಗಿಟ್ಟಳು. "ನಿಧಾನಕ್ಕೆ ಓದಿ ಆಂಟಿ. ಅವನು ಕಾಯ್ತಾನೆ."

ಫಾರ್ಮಿನಲ್ಲಿ ಇದ್ದದ್ದು ನಾಲ್ಕೇ ಸಾಲು. ನಾನು ತಲೆಯೆತ್ತದೆ ಅದನ್ನೇ ನೋಡುತ್ತ ಕೂತೆ. ಅಂದು ಮಾತ್ರ ನಾನು ಓದುತ್ತಿರಲಿಲ್ಲ.